ಸೈಲೆನ್ಸ್, ಕ್ವಾಯಟ್, ಹಶ್, ಮಮ್: ಇಂಗ್ಲಿಷಿನ ಮೌನದ ಪದಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಂಜೆ ಆರೂವರೆಗೆ ನನ್ನ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಶುರುವಾಗುತ್ತದೆ. ಬರುವವರೆಲ್ಲ ಕನ್ನಡ ಮೀಡಿಯಂನಲ್ಲಿ ಓದಿ ದೊಡ್ಡವರಾದವರು. ಸೀರೆ ಅಂಗಡಿಯಲ್ಲಿ ಕೆಲಸ ಮಾಡುವವರು, ನರ್ಸುಗಳು, ಗಾರ್ಮೆಂಟ್ ಆಫೀಸಿನವರು, ಡಿಗ್ರಿ ಮುಗಿಸಿ ಇಂಟರ್ವ್ಯೂಗೆ ಓಡಾಡುತ್ತಿರುವವರು. ಮಾತಾಡಲು ಕಲಿಯೋಣ ಅಂತ ಬಂದವರು ಮಾತಾಡದೆ ಇರುವುದರ ಬಗ್ಗೆಯೇ ಇಷ್ಟೊಂದು ಕೇಳುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ಅವರು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಯಾವ ಪದ ಹಾಕಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ತಿರುಗಿ ಕೇಳುವುದು ಇಷ್ಟೇ. ಅಲ್ಲಿ ಸದ್ದಿಲ್ಲವಾ, ಮಾತಿಲ್ಲವಾ? ಮಾತಿಲ್ಲ ಅಂದರೆ, ಆಡಲು ಮನಸ್ಸಿಲ್ಲವಾ, ಬಾಯಿ ಬರುತ್ತಿಲ್ಲವಾ, ಅಥವಾ ಯಾರಾದರೂ ಆಡಲು ಬಿಡುತ್ತಿಲ್ಲವಾ? ಇಷ್ಟು ಗೊತ್ತಾದರೆ ಇಂಗ್ಲಿಷ್ ಪದ ಮುಕ್ಕಾಲು ಪಾಲು ಸಿಕ್ಕ ಹಾಗೆ.

ಸೈಲೆನ್ಸ್‌ಗೂ ಕ್ವಾಯಟ್‌ಗೂ ಏನು ವ್ಯತ್ಯಾಸ? ಎರಡೂ ಒಂದೇ ಅಲ್ವಾ?

ಒಂದೇ ಅಲ್ಲ. ಸೈಲೆನ್ಸ್ ಅಂದರೆ ಸದ್ದೇ ಇಲ್ಲ, ಮಾತೇ ಇಲ್ಲ. ಕ್ವಾಯಟ್ ಅಂದರೆ ಸದ್ದು ಕಡಿಮೆ. ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಬೀದಿ ಕ್ವಾಯಟ್ ಆಗಿರುತ್ತದೆ. ದೂರದಲ್ಲಿ ಕುಕ್ಕರ್ ಕೂಗುತ್ತದೆ, ಒಂದು ಕಾಗೆ ಕೂಗುತ್ತದೆ, ಆದರೂ ಅದು ಕ್ವಾಯಟ್ ಬೀದಿಯೇ. ಅದೇ ಬೀದಿಯನ್ನು ಸೈಲೆಂಟ್ ಅಂದರೆ ಓದುವವರಿಗೆ ಎದೆ ಧಸಕ್ ಅನ್ನುತ್ತದೆ. ಏನೋ ಆಗಿದೆ, ಕರ್ಫ್ಯೂ ಇರಬೇಕು ಅನ್ನಿಸುತ್ತದೆ.

ಕ್ವಾಯಟ್‌ಗೆ ಜಾಸ್ತಿ ಕಡಿಮೆ ಉಂಟು. ಈ ರೂಮು ಆ ರೂಮಿಗಿಂತ ಕ್ವಾಯಟರ್ ಅನ್ನಬಹುದು. ಸೈಲೆಂಟ್‌ಗೆ ಸಾಮಾನ್ಯವಾಗಿ ಹಾಗೆ ಹೇಳುವುದಿಲ್ಲ. ಇಂಗ್ಲೆಂಡಿನ ರೈಲುಗಳಲ್ಲಿ ಕ್ವಾಯಟ್ ಕೋಚ್ ಅಂತ ಬೋಗಿ ಇರುತ್ತದೆ. ಅಲ್ಲಿ ಮೆಲ್ಲಗೆ ಮಾತಾಡಿದರೆ ತಪ್ಪೇನಿಲ್ಲ, ಫೋನಿನಲ್ಲಿ ಜೋರಾಗಿ ಮಾತಾಡಬಾರದು ಅಷ್ಟೆ. ಅದಕ್ಕೇ ಅದನ್ನು ಸೈಲೆಂಟ್ ಕೋಚ್ ಅನ್ನುವುದಿಲ್ಲ.

ಎರಡೂ ಲ್ಯಾಟಿನ್ನಿನಿಂದ ಬಂದ ಪದಗಳು. ಆದರೆ ಕ್ವಾಯಟ್‌ನ ಬೇರು ಸದ್ದಿಗೆ ಸಂಬಂಧಿಸಿದ್ದೇ ಅಲ್ಲ. 'ಕ್ವಿಯೆಸ್' ಅಂದರೆ ವಿಶ್ರಾಂತಿ. ಯಾರಾದರೂ ತೀರಿಕೊಂಡಾಗ ವಾಟ್ಸಾಪಿನಲ್ಲಿ ಆರ್‌ಐಪಿ ಅಂತ ಹಾಕುತ್ತಾರಲ್ಲ, ಅದರ ಲ್ಯಾಟಿನ್ ರೂಪದ ಮೊದಲ ಪದ 'ರಿಕ್ವಿಯೆಸ್ಕಾಟ್' ಇದೇ ಬೇರಿನದು. ಹಾಗಾಗಿ ಕ್ವಾಯಟ್‌ನಲ್ಲಿ ಯಾವಾಗಲೂ ಸ್ವಲ್ಪ ನೆಮ್ಮದಿ, ಸ್ವಲ್ಪ ಆರಾಮ ಸೇರಿಕೊಂಡಿರುತ್ತದೆ. ಹೆಚ್ಚು ಜನರನ್ನು ಕರೆಯದೆ ಮಾಡಿದ ಮದುವೆ ಕ್ವಾಯಟ್ ವೆಡ್ಡಿಂಗ್. ಆಷಾಢದಲ್ಲಿ ಗಿರಾಕಿ ಇಲ್ಲದೆ ವ್ಯಾಪಾರ ಡಲ್ ಆದರೆ ಬಿಸಿನೆಸ್ ಈಸ್ ಕ್ವಾಯಟ್. ಸೀರೆ ಅಂಗಡಿಯ ನನ್ನ ವಿದ್ಯಾರ್ಥಿನಿಗೆ ತುಂಬ ಹಿಡಿಸಿದ ಬಳಕೆ ಇನ್ನೊಂದು: ಕಣ್ಣಿಗೆ ರಾಚುವ ಬಣ್ಣ ಲೌಡ್ ಕಲರ್, ತಿಳಿ ಬಣ್ಣ ಕ್ವಾಯಟ್ ಕಲರ್. ಮರುದಿನವೇ ಗಿರಾಕಿಯೊಬ್ಬರಿಗೆ ಹಾಗೆ ಹೇಳಿ ಬಂದಳು.

ಕ್ವಾಯಟ್, ಕ್ವೈಟ್ ಬರೆಯುವಾಗ ಗೊಂದಲ ಆಗುತ್ತೆ. ಏನು ಮಾಡೋದು?

ಬಾಯಿಬಿಟ್ಟು ಹೇಳಿ ನೋಡಿ. ಸುಮ್ಮನಿರುವುದಕ್ಕೆ 'ಕ್ವಾ-ಯಟ್', ಎರಡು ತುಂಡು. ಕೊನೆಗೆ ಇ, ಟಿ. 'ಸಾಕಷ್ಟು' ಅನ್ನುವುದಕ್ಕೆ 'ಕ್ವೈಟ್', ಒಂದೇ ತುಂಡು. ಕೊನೆಗೆ ಟಿ, ಇ. ಕೈ ಮರೆತರೂ ಕಿವಿ ಮರೆಯುವುದಿಲ್ಲ.

ನಮ್ಮ 'ಸುಮ್ನೆ'ಗೆ ಇಂಗ್ಲಿಷಿನಲ್ಲಿ ಏನಂತಾರೆ?

ನನಗೆ ಬಹಳ ಇಷ್ಟದ ಪ್ರಶ್ನೆ ಇದು. ಉತ್ತರ ಏನೆಂದರೆ, ಒಂದು ಪದ ಇಲ್ಲ. ಕನ್ನಡದ 'ಸುಮ್ನೆ' ಬಾಯಿಗೂ ಕೈಗೂ ಮನಸ್ಸಿಗೂ ದುಡ್ಡಿಗೂ ಆಗುವ ಪದ. ಇಂಗ್ಲಿಷಿಗೆ ಹೋಗುವಾಗ ಅದನ್ನು ಬಿಡಿಸಿ ಬಿಡಿಸಿ ಕೊಡಬೇಕು.

'ಸುಮ್ನಿರು' ಅಂದರೆ ಬಿ ಕ್ವಾಯಟ್. 'ಮಗು ಸುಮ್ಮನಾಯಿತು' ಅಂದರೆ ಅಳು ನಿಂತಿತು: ದ ಬೇಬಿ ಸ್ಟಾಪ್ಡ್ ಕ್ರೈಯಿಂಗ್. ಇಲ್ಲಿ ಸೈಲೆಂಟ್ ಹಾಕಿದರೆ ಮಗುವಿಗೆ ಏನೋ ಆಯಿತು ಅಂತ ಕೇಳುವವರು ಗಾಬರಿಯಾಗುತ್ತಾರೆ. 'ಸುಮ್ನೆ ಬಂದೆ' ಅಂದರೆ ಐ ಜಸ್ಟ್ ಡ್ರಾಪ್ಡ್ ಬೈ. 'ಸುಮ್ ಸುಮ್ನೆ ಬೈದರು' ಅಂದರೆ ಫಾರ್ ನೋ ರೀಸನ್. 'ಸುಮ್ನೆ ಅಂದೆ ಕಣೋ' ಅಂದರೆ ಐ ವಾಸ್ ಓನ್ಲಿ ಜೋಕಿಂಗ್. 'ಯಾರಾದ್ರೂ ಸುಮ್ನೆ ಕೊಡ್ತಾರಾ?' ಅಂದರೆ ಫಾರ್ ಫ್ರೀ. 'ನಿನ್ನ ಸುಮ್ನೆ ಬಿಡಲ್ಲ' ಅಂದರೆ ಐ ವೋಂಟ್ ಲೆಟ್ ಯು ಆಫ್. ಹೊಗಳಿದಾಗ ನಾಚಿಕೊಂಡು 'ಅಯ್ಯೋ ಸುಮ್ನಿರಿ' ಅನ್ನುತ್ತೇವಲ್ಲ, ಅದು ಓ ಸ್ಟಾಪ್ ಇಟ್. ಅಲ್ಲಿ ಬಿ ಕ್ವಾಯಟ್ ಅಂದರೆ ಹೊಗಳಿದವರು ಮುನಿಸಿಕೊಳ್ಳುತ್ತಾರೆ.

ಬೆಂಗಳೂರಿನ ಇಂಗ್ಲಿಷಿನಲ್ಲಿ ನಾವು ಇದೆಲ್ಲಕ್ಕೂ 'ಸಿಂಪ್ಲಿ' ಹಾಕುತ್ತೇವೆ. ಸಿಂಪ್ಲಿ ಐ ಕೇಮ್, ಸಿಂಪ್ಲಿ ಹಿ ಸ್ಕೋಲ್ಡೆಡ್. ನಮ್ಮ ನಮ್ಮಲ್ಲಿ ಇದು ಚೆನ್ನಾಗಿ ಅರ್ಥವಾಗುತ್ತದೆ, ಆಡಲು ಹೆದರಬೇಕಾಗಿಲ್ಲ. ಆದರೆ ಹೊರಗಿನವರಿಗೆ ಸಿಂಪ್ಲಿ ಅಂದರೆ 'ಸರಳವಾಗಿ' ಅಥವಾ 'ಕೇವಲ'. ಅವರ ಜೊತೆ ಮಾತಾಡುವಾಗ 'ಜಸ್ಟ್' ಹಾಕಿದರೆ ಮುಕ್ಕಾಲು ಕಡೆ ನಡೆಯುತ್ತದೆ.

ಆದರೂ ಒಂದು ಸುಮ್ನೆ ನನಗೆ ಇಂಗ್ಲಿಷಿಗೆ ಪೂರ್ತಿ ಸಿಕ್ಕಿಲ್ಲ. ನಮ್ಮಜ್ಜಿ ಸಂಜೆ ಹೊತ್ತು ಹಿತ್ತಲ ಕಟ್ಟೆಯ ಮೇಲೆ ಕೂರುತ್ತಿದ್ದರು. ಮಡಿಲಲ್ಲಿ ಬತ್ತಿ ಹೊಸೆಯುವ ಹತ್ತಿ, ಪಕ್ಕದಲ್ಲಿ ಬೂದಿಯ ಬಟ್ಟಲು. ಆದರೆ ಕೈ ಹೊಸೆಯುತ್ತಿರಲಿಲ್ಲ. ಬಾವಿಯ ರಾಟೆ ನೋಡುತ್ತಾ ಇರುತ್ತಿದ್ದರು. 'ಏನ್ ಮಾಡ್ತಿದೀಯ ಅಜ್ಜಿ?' ಅಂದರೆ 'ಸುಮ್ನೆ ಕೂತಿದೀನಿ ಕಣೆ' ಅನ್ನುತ್ತಿದ್ದರು. ಐ ಯಾಮ್ ಜಸ್ಟ್ ಸಿಟ್ಟಿಂಗ್ ಅಂದರೆ ಅರ್ಥ ಸರಿ. ಆದರೆ ಅಜ್ಜಿಯ ಆ ಸುಮ್ನೆಯಲ್ಲಿ ಮಾತು ನಿಂತಿತ್ತು, ಕೆಲಸ ನಿಂತಿತ್ತು, ಕಾರಣವೂ ಇರಲಿಲ್ಲ. ಮೂರೂ ಒಟ್ಟಿಗೆ ಇಂಗ್ಲಿಷಿನ ಒಂದು ಪದದಲ್ಲಿ ಕೂರುವುದಿಲ್ಲ.

ಕ್ಲಾಸಿನಲ್ಲಿ 'ಕೀಪ್ ಸೈಲೆನ್ಸ್' ಅಂತಿದ್ದರು. ಅದು ತಪ್ಪು ಇಂಗ್ಲಿಷಾ?

ತಪ್ಪಲ್ಲ, ನಮ್ಮ ದೇಶದ ಬಳಕೆ. ಇಂಗ್ಲೆಂಡಿನ ಟೀಚರ್ ಬಿ ಕ್ವಾಯಟ್ ಅಥವಾ ಬರೀ ಕ್ವಾಯಟ್ ಪ್ಲೀಸ್ ಅನ್ನುತ್ತಾರೆ. 'ಪಿನ್ ಡ್ರಾಪ್ ಸೈಲೆನ್ಸ್' ಅನ್ನುವುದೂ ಹಾಗೆಯೇ. ನಮ್ಮಲ್ಲಿ ಹೆಡ್ಮಾಸ್ಟರ್‌ಗಳ ಬಾಯಲ್ಲಿ ಪಳಗಿದ ಮಾತು. ಅಲ್ಲಿಯವರು ಅದನ್ನು 'ಯು ಕುಡ್ ಹಿಯರ್ ಎ ಪಿನ್ ಡ್ರಾಪ್' ಅಂತ ಇಡೀ ವಾಕ್ಯವಾಗಿ ಹೇಳುತ್ತಾರೆ, ಗುಂಡುಸೂಜಿ ಬಿದ್ದರೂ ಕೇಳಿಸುತ್ತಿತ್ತು ಅಂತ.

ಕನ್ನಡದ ಒಂದು ಸೋಜಿಗ ಇಲ್ಲೇ ಹೇಳಿಬಿಡುತ್ತೇನೆ. ನಾಟಕಗಳಲ್ಲಿ, ಹಳೆಯ ಮೇಷ್ಟರ ಬಾಯಲ್ಲಿ 'ಸದ್ದು!' ಅಂದರೆ ಸದ್ದು ಮಾಡಬೇಡಿ ಅಂತ ಅರ್ಥ. ಸದ್ದಿನ ಹೆಸರು ಕೂಗಿಯೇ ಸದ್ದನ್ನು ನಿಲ್ಲಿಸುತ್ತೇವೆ. ಇಂಗ್ಲಿಷಿನವರು 'ಸೈಲೆನ್ಸ್!' ಅಂತ ಬೇಕಾದ್ದನ್ನು ಕೂಗುತ್ತಾರೆ, ನಾವು 'ಸದ್ದು!' ಅಂತ ಬೇಡದ್ದನ್ನು ಕೂಗುತ್ತೇವೆ.

'ಸ್ವಲ್ಪ ಸುಮ್ನಿರಿ' ಅನ್ನೋದನ್ನ ಮರ್ಯಾದೆಯಿಂದ ಹೇಳೋದು ಹೇಗೆ?

ಇದನ್ನು ತಿಳಿಯದೆ ನನ್ನ ಒಬ್ಬ ವಿದ್ಯಾರ್ಥಿನಿ ನೋವು ತಿಂದಳು. ಹೊರದೇಶದ ಗಿರಾಕಿಯ ಜೊತೆ ಫೋನಿನಲ್ಲಿದ್ದಳು. ಆತ ಆರ್ಡರ್ ಬಗ್ಗೆ ಒಂದರ ಹಿಂದೆ ಒಂದು ಕೇಳುತ್ತಿದ್ದರು, ಇವಳು ಕಂಪ್ಯೂಟರಿನಲ್ಲಿ ಹುಡುಕುತ್ತಿದ್ದಳು. 'ಸ್ವಲ್ಪ ಸುಮ್ನಿರಿ ಸಾರ್, ನೋಡ್ತೀನಿ' ಅಂತ ಮನಸ್ಸಿನಲ್ಲಿ ಬಂತು. ಬಾಯಲ್ಲಿ 'ಸರ್, ಪ್ಲೀಸ್ ಕೀಪ್ ಕ್ವಾಯಟ್, ಐ ವಿಲ್ ಸೀ' ಅಂತ ಬಂತು. ಆ ಕಡೆ ಮಾತೇ ನಿಂತುಹೋಯಿತು. ಪ್ಲೀಸ್ ಹಾಕಿದ್ದೆನಲ್ಲ ಮೇಡಂ, ಅಂತ ಕ್ಲಾಸಿನಲ್ಲಿ ಅತ್ತಳು. ಪ್ಲೀಸ್ ಹಾಕಿದರೂ ಕೀಪ್ ಕ್ವಾಯಟ್ ಅನ್ನುವುದು ದೊಡ್ಡವರು ಚಿಕ್ಕವರಿಗೆ ಹೇಳುವ ಮಾತು. ಕನ್ನಡದಲ್ಲಿ 'ಇರಿ' ಅನ್ನುವ ಬಹುವಚನ, 'ಸಾರ್' ಅನ್ನುವ ಮಾತು ಎರಡೂ ಸೇರಿ ಮರ್ಯಾದೆ ಕಾಪಾಡುತ್ತವೆ. ಇಂಗ್ಲಿಷಿನಲ್ಲಿ ಆ ಬಹುವಚನ ಇಲ್ಲ. ಮರ್ಯಾದೆಯನ್ನು ಪೂರ್ತಿ ಬೇರೆ ವಾಕ್ಯದಲ್ಲೇ ತರಬೇಕು. ಅವಳಿಗೆ ಅಲ್ಲಿ ಬೇಕಾಗಿದ್ದದ್ದು 'ಬೇರ್ ವಿತ್ ಮಿ ಎ ಮೊಮೆಂಟ್'.

ಪಕ್ಕದ ಟೇಬಲಿನವರು ಜೋರಾಗಿ ಮಾತಾಡುತ್ತಿದ್ದರೆ 'ಕುಡ್ ಯು ಕೀಪ್ ಇಟ್ ಡೌನ್, ಪ್ಲೀಸ್?' ಅನ್ನಿ. ಇಲ್ಲಿ 'ಇಟ್' ಅಂದರೆ ಸದ್ದು. ಬೆರಳು ಸದ್ದಿನ ಕಡೆಗಿದೆ, ಮನುಷ್ಯನ ಕಡೆಗಲ್ಲ. ಮೀಟಿಂಗಿನಲ್ಲಿ ನಿಮ್ಮ ಮಾತಿನ ನಡುವೆ ಬಾಯಿ ಹಾಕುವವರಿಗೆ 'ಮೇ ಐ ಫಿನಿಶ್?'. ಮಕ್ಕಳಿಗೆ, ಗೆಳೆಯರಿಗೆ 'ಪೈಪ್ ಡೌನ್' ಆಗುತ್ತದೆ. ಅದು ಹಡಗಿನಿಂದ ಬಂದ ಮಾತು. ದಿನದ ಕೆಲಸ ಮುಗಿದು ನಾವಿಕರು ಮಲಗಬೇಕಾದಾಗ ಸೀಟಿ ಊದಿ ಸೂಚನೆ ಕೊಡುತ್ತಿದ್ದರು.

'ಶಟಪ್' ನಮ್ಮ 'ಬಾಯ್ಮುಚ್ಚು', 'ತೆಪ್ಪಗಿರು' ಇದ್ದ ಹಾಗೆ. ಹೊಸಬರು ಬಳಸದಿರುವುದೇ ಒಳ್ಳೆಯದು. ಅಮೆರಿಕದ ಹುಡುಗರು ಆಶ್ಚರ್ಯಕ್ಕೂ 'ಶಟಪ್!' ಅನ್ನುತ್ತಾರೆ, 'ಹೋಗೋ, ನಿಜಾನಾ?' ಅನ್ನುವ ಧಾಟಿಯಲ್ಲಿ. ಅದನ್ನು ಕೇಳಿ ಅರ್ಥಮಾಡಿಕೊಂಡರೆ ಸಾಕು.

ಸ್ಟಿಲ್, ಕಾಮ್, ಪೀಸ್? ಇವೂ ಮೌನವೇನಾ?

ಸ್ಟಿಲ್ ಅಲುಗಾಟಕ್ಕೆ ಸಂಬಂಧಿಸಿದ್ದು. ಸಿಟ್ ಸ್ಟಿಲ್ ಅಂದರೆ ಅಲ್ಲಾಡಬೇಡ ಅಂತ. ಇಂಜೆಕ್ಷನ್ ಕೊಡುವಾಗ ಮಗುವಿಗೆ ಹೇಳಬೇಕಾದ್ದು ಅದು, ಸಿಟ್ ಕ್ವಾಯಟ್ ಅಲ್ಲ. ಮಗು ಅತ್ತರೂ ನರ್ಸಿಗೆ ತೊಂದರೆಯಿಲ್ಲ, ಕೈ ಕೊಸರಬಾರದು. ನಮ್ಮ ಸಿನಿಮಾದವರು ಸ್ಟಿಲ್ಸ್ ಅನ್ನುವುದೂ ಅಲುಗಾಡದ ಚಿತ್ರಕ್ಕೇ. ಕಾಮ್ ಮನಸ್ಸಿಗೆ, ಸಮುದ್ರಕ್ಕೆ. ಪೀಸ್ ದೊಡ್ಡ ಪದ, ಅದರಲ್ಲಿ ಮೌನ ಒಂದು ಭಾಗ ಮಾತ್ರ.

ಮಾತು ಕಡಿಮೆ ಆಡುವವರಿಗೆ ಏನಂತಾರೆ? ಇಂಟರ್ವ್ಯೂನಲ್ಲಿ 'ಐ ಯಾಮ್ ಎ ಸೈಲೆಂಟ್ ಪರ್ಸನ್' ಅನ್ನಬಹುದಾ?

ಬೇಡ. ಸೈಲೆಂಟ್ ಅಂದರೆ ಏನೂ ಮಾತಾಡದವರು ಅಂದಂತಾಗುತ್ತದೆ. 'ಐ ಯಾಮ್ ಎ ಕ್ವಾಯಟ್ ಪರ್ಸನ್' ಅನ್ನಿ. ಅದು ಒಳ್ಳೆಯ ಮಾತು, ಅದರಲ್ಲಿ ಕೊರತೆ ಏನೂ ಇಲ್ಲ.

ಬೇರೆ ಪದಗಳಲ್ಲಿ ಬಣ್ಣ ಬೇರೆ ಬೇರೆ. 'ರಿಸರ್ವ್ಡ್' ಅಂದರೆ ತನ್ನ ಮನಸ್ಸನ್ನು ಬೇಗ ಬಿಚ್ಚದವರು. ನಮ್ಮಲ್ಲಿ 'ಮುಗುಮ್ಮಾಗಿರ್ತಾರೆ' ಅನ್ನುತ್ತೇವಲ್ಲ, ಅದಕ್ಕೆ ಹತ್ತಿರ. 'ರೆಟಿಸೆಂಟ್' ಅಂದರೆ ಒಂದು ವಿಷಯದ ಬಗ್ಗೆ ಹೇಳಲು ಹಿಂಜರಿಯುವವರು. ಉಳಿದ ವಿಷಯಕ್ಕೆ ಅವರು ಚೆನ್ನಾಗಿಯೇ ಮಾತಾಡಬಹುದು. 'ಟ್ಯಾಸಿಟರ್ನ್' ಅಂದರೆ ಸ್ವಭಾವದಿಂದಲೇ ಎರಡು ಮಾತಿಗಿಂತ ಜಾಸ್ತಿ ಆಡದವರು, ಸ್ವಲ್ಪ ಬಿಗುಮುಖದವರು. 'ಶೈ' ಅಂದರೆ ನಾಚಿಕೆಯಿಂದ ಸುಮ್ಮನಿರುವವರು. ಶೈ ಆದವರಿಗೆ ಮಾತಾಡುವ ಆಸೆ ಇರುತ್ತದೆ, ಧೈರ್ಯ ಇರುವುದಿಲ್ಲ. ನನ್ನ ಕ್ಲಾಸಿಗೆ ಬರುವವರಲ್ಲಿ ಹೆಚ್ಚಿನವರು ಇಂಥವರು. ತಮ್ಮನ್ನು ಇಂಟ್ರೊವರ್ಟ್ ಅಂತ ಕರೆದುಕೊಳ್ಳುತ್ತಾರೆ. ಅಲ್ಲ ಕಣ್ರೀ, ಕನ್ನಡದಲ್ಲಿ ನೀವು ಹರಳು ಹುರಿದ ಹಾಗೆ ಮಾತಾಡುತ್ತೀರಿ ಅಂತ ನಾನು ಹೇಳುತ್ತಲೇ ಇರುತ್ತೇನೆ.

ಅಮೆರಿಕದ ಅಧ್ಯಕ್ಷರಾಗಿದ್ದ ಕ್ಯಾಲ್ವಿನ್ ಕೂಲಿಜ್ ಟ್ಯಾಸಿಟರ್ನ್‌ಗೆ ಒಳ್ಳೆಯ ಉದಾಹರಣೆ, ಜನ 'ಸೈಲೆಂಟ್ ಕ್ಯಾಲ್' ಅನ್ನುತ್ತಿದ್ದರು. ಹಾಲೆಂಡಿನವರು ಗೌರವಿಸುವ 16ನೇ ಶತಮಾನದ ವಿಲಿಯಂ ಆಫ್ ಆರೆಂಜ್‌ಗೂ 'ದ ಸೈಲೆಂಟ್' ಅನ್ನುವ ಹೆಸರುಂಟು. ಆದರೆ ಆತ ಮಾತುಗಾರನೇ ಆಗಿದ್ದ. ಫ್ರಾನ್ಸಿನ ರಾಜ ಒಂದು ಗುಟ್ಟಿನ ಯೋಜನೆ ಹೇಳಿದಾಗ ಮುಖದಲ್ಲಿ ಏನೂ ತೋರಿಸದೆ, ತುಟಿ ಪಿಟಕ್ಕೆನ್ನದೆ ಕೇಳಿಸಿಕೊಂಡದ್ದಕ್ಕೆ ಆ ಹೆಸರು ಬಂತು ಅಂತ ಹೇಳುತ್ತಾರೆ. ಒಬ್ಬನದು ಸ್ವಭಾವ, ಇನ್ನೊಬ್ಬನದು ಲೆಕ್ಕಾಚಾರ. ಇಂಗ್ಲಿಷ್ ಎರಡಕ್ಕೂ ಸೈಲೆಂಟ್ ಅಂದಿದೆ.

ಬಾಯೇ ಬರಲಿಲ್ಲ, ಮಾತೇ ಹೊರಡಲಿಲ್ಲ ಅನ್ನೋದಕ್ಕೆ?

ಸಂತೋಷ, ದುಃಖ, ಕೋಪ, ಬೆರಗು ಯಾವುದರಿಂದ ಮಾತು ನಿಂತರೂ 'ಸ್ಪೀಚ್‌ಲೆಸ್'. ಸ್ಟೇಜಿನ ಮೇಲೆ ನಿಂತು ನಾಲಿಗೆ ತೊಡರಿದರೆ 'ಟಂಗ್ ಟೈಡ್', ನಾಲಿಗೆ ಕಟ್ಟಿದಂತೆ. ಮೊದಲನೆಯದರಲ್ಲಿ ಮನಸ್ಸು ತುಂಬಿ ಮಾತು ನಿಲ್ಲುತ್ತದೆ, ಎರಡನೆಯದರಲ್ಲಿ ಹೆದರಿಕೆಯಿಂದ.

ಮಾತು ಬಾರದವರನ್ನು ಡಂಬ್ ಅನ್ನಬಹುದಾ? ಮ್ಯೂಟ್ ಅಂದರೆ?

ದಯವಿಟ್ಟು ಡಂಬ್ ಅನ್ನಬೇಡಿ. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಮಾತಾಡದ ಅನ್ನುವುದೊಂದೇ ಅರ್ಥ ಇತ್ತು. ಜಿಮ್ಮಿನ ಡಂಬೆಲ್ ಅಂದರೆ ಸದ್ದು ಮಾಡದ ಗಂಟೆ. ಆಮೇಲೆ ಅಮೆರಿಕದಲ್ಲಿ ಜರ್ಮನ್ ಭಾಷೆಯ 'ಡುಮ್' ಪದದ ಪ್ರಭಾವದಿಂದ ದಡ್ಡ ಅನ್ನುವ ಅರ್ಥ ಗಟ್ಟಿಯಾಯಿತು. ಈಗ ಆ ಪದ ಕೇಳಿದ ಕೂಡಲೇ ಹೊಳೆಯುವುದು ಅದೇ. ಮಾತು ಬಾರದವರು ದಡ್ಡರು ಅಂತ ಒಂದು ಪದದಲ್ಲೇ ತೀರ್ಪು ಕೊಟ್ಟಂತಾಗುತ್ತದೆ. ಕನ್ನಡದಲ್ಲಿ 'ಮೂಗ' ಅಂತ ಕರೆದು ನಗುವುದೂ ಇದೇ ತಪ್ಪು.

ಕಿವಿ ಕೇಳದವರು 'ಡೆಫ್' ಅನ್ನುವುದನ್ನು ಹೆಮ್ಮೆಯಿಂದಲೇ ಬಳಸುತ್ತಾರೆ, ಅದು ಬೈಗುಳವಲ್ಲ. ಅವರಲ್ಲಿ ಅನೇಕರ ಭಾಷೆ ಸನ್ನೆ ಭಾಷೆ. ಕೈಯಲ್ಲಿ, ಮುಖದಲ್ಲಿ ಪೂರ್ತಿ ವ್ಯಾಕರಣ ಇರುವ ಭಾಷೆ ಅದು. ಮೈಸೂರಿನ ಮಾನಸಗಂಗೋತ್ರಿಯ ಹತ್ತಿರ 1960ರ ದಶಕದಿಂದ ನಡೆಯುತ್ತಿರುವ ದೊಡ್ಡ ಸಂಸ್ಥೆಯ ಹೆಸರು ನೋಡಿ: ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಏನಿಲ್ಲ ಅನ್ನುವುದನ್ನು ಹೇಳದೆ ಏನು ಬೇಕು ಅನ್ನುವುದನ್ನು ಹೇಳುವ ಹೆಸರು.

ಮ್ಯೂಟ್ ಪದವನ್ನೂ ಮನುಷ್ಯರಿಗೆ ಬಳಸದಿರುವುದೇ ವಾಸಿ. ಈಗ ಅದು ಬಟನ್ನಿಗೆ ಸೇರಿದ ಪದ. 2020ರಲ್ಲಿ ಎಲ್ಲರೂ ಮನೆಯಿಂದ ಮೀಟಿಂಗ್ ಮಾಡುವಾಗ 'ಯು ಆರ್ ಆನ್ ಮ್ಯೂಟ್' ಅನ್ನುವುದು ಮನೆಮಾತಾಯಿತು. ಅಂದ ಹಾಗೆ, ಲ್ಯಾಟಿನ್ನಿನ 'ಮೂಟುಸ್' ಮತ್ತು ಸಂಸ್ಕೃತದಿಂದ ನಮಗೆ ಬಂದ 'ಮೂಕ' ಒಂದೇ ಬೇರಿನವು ಅಂತ ನಿಘಂಟುಕಾರರು ತೋರಿಸುತ್ತಾರೆ. ತುಟಿ ಮುಚ್ಚಿದಾಗ ಬರುವ 'ಮು' ಸದ್ದೇ ಆ ಬೇರು. ಸಣ್ಣ ಮಗುವಿಗೆ ಇಂಗ್ಲಿಷಿನಲ್ಲಿ 'ಇನ್‌ಫೆಂಟ್' ಅನ್ನುತ್ತಾರಲ್ಲ, ಲ್ಯಾಟಿನ್ನಿನಲ್ಲಿ ಅದಕ್ಕೆ 'ಇನ್ನೂ ಮಾತಾಡದವರು' ಅಂತ ಅರ್ಥ.

ಪೇಪರಿನಲ್ಲಿ 'ಮಿನಿಸ್ಟರ್ ಕೀಪ್ಸ್ ಮಮ್' ಅಂತ ಬರುತ್ತೆ. ಮಮ್ ಅಂದರೆ ಅಮ್ಮ ಅಲ್ವಾ?

ಎರಡೂ ಇದೆ. ಕೀಪ್ ಮಮ್‌ನಲ್ಲಿ ಮಮ್ ಅಂದರೆ ತುಟಿ ಬಿಗಿದ ಸದ್ದು, 'ಮ್‌ಮ್'. ಗೊತ್ತಿದ್ದೂ ಹೇಳದವರಿಗೆ ಮಾತ್ರ ಬಳಸಿ. ಗೊತ್ತಿಲ್ಲದೆ ಸುಮ್ಮನಿದ್ದರೆ ಅದು ಮಮ್ ಅಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಗುಟ್ಟು ಬಿಡಬೇಡಿ ಅಂತ ಬ್ರಿಟನ್ನಿನ ಸರ್ಕಾರ ಅಂಟಿಸಿದ ಒಂದು ಪೋಸ್ಟರಿನಲ್ಲಿ 'ಬಿ ಲೈಕ್ ಡ್ಯಾಡ್, ಕೀಪ್ ಮಮ್' ಅಂತ ಇತ್ತು. ಅಪ್ಪನ ಹಾಗೆ ಬಾಯಿ ಮುಚ್ಚಿಕೊಂಡಿರು ಅಂತಲೂ ಆಯಿತು, ಅಪ್ಪನ ಹಾಗೆ ಅಮ್ಮನನ್ನು ಸಾಕು ಅಂತಲೂ ಆಯಿತು.

ಇದಕ್ಕೆ ಹತ್ತಿರದ ನೆಂಟ 'ಹಶ್'. ತೊಟ್ಟಿಲ ಮಗುವಿಗೆ ಹೇಳುವ ಹಶ್ ನಮ್ಮ 'ಶ್, ಅಳಬೇಡ ಕಂದ'. ಆದರೆ ಬಾಲ ಸೇರಿದರೆ ಅರ್ಥ ಕೆಡುತ್ತದೆ. 'ಹಶ್ ಅಪ್' ಅಂದರೆ ಪ್ರಕರಣ ಮುಚ್ಚಿಹಾಕು. 'ಹಶ್ ಮನಿ' ಅಂದರೆ ಬಾಯಿ ಮುಚ್ಚಿಸಲು ಕೊಡುವ ದುಡ್ಡು. ಸೈಲೆನ್ಸ್ ಕೂಡ ಕ್ರಿಯಾಪದವಾದರೆ ಹೀಗೆಯೇ ಗಡುಸಾಗುತ್ತದೆ. 'ಶಿ ವಾಸ್ ಸೈಲೆಂಟ್' ಅಂದರೆ ಅವಳು ಸುಮ್ಮನಿದ್ದಳು. 'ಶಿ ವಾಸ್ ಸೈಲೆನ್ಸ್‌ಡ್' ಅಂದರೆ ಅವಳ ಬಾಯಿ ಮುಚ್ಚಿಸಿದರು. ಕೇಳಲು ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಒಬ್ಬಳು ತಾನಾಗಿ ಸುಮ್ಮನಾದಳಾ, ಸುಮ್ಮನಾಗಿಸಿದರಾ ಅನ್ನುವ ದೊಡ್ಡ ಸಂಗತಿ ಆ ಸಣ್ಣ ಸದ್ದಿನಲ್ಲಿದೆ. ಬರೆಯುವಾಗ ಇದೊಂದನ್ನು ಎರಡು ಸಲ ನೋಡಿಕೊಳ್ಳಿ.

'ಅವರಿಬ್ಬರೂ ಮಾತು ಬಿಟ್ಟಿದ್ದಾರೆ' ಅನ್ನೋದು?

'ದೇ ಆರ್ ನಾಟ್ ಆನ್ ಸ್ಪೀಕಿಂಗ್ ಟರ್ಮ್ಸ್'. ಇಬ್ಬರೂ ಬಿಟ್ಟಾಗ ಇದು. ಒಬ್ಬರು ಮುನಿಸಿಕೊಂಡು ಇನ್ನೊಬ್ಬರು ಕೇಳಿದ್ದಕ್ಕೂ ಉತ್ತರ ಕೊಡದಿದ್ದರೆ 'ಸೈಲೆಂಟ್ ಟ್ರೀಟ್‌ಮೆಂಟ್'. ಮಕ್ಕಳು ಠೂ ಬಿಡುತ್ತಾರಲ್ಲ, ಅದರ ದೊಡ್ಡವರ ರೂಪ.

ಮೆಸೇಜಿಗೆ ವಾರಗಟ್ಟಲೆ ಉತ್ತರ ಬರದಿದ್ದರೆ ಈಗಿನವರು 'ರೇಡಿಯೋ ಸೈಲೆನ್ಸ್' ಅನ್ನುತ್ತಾರೆ. ಅದರ ಹಿಂದಿನ ಕಥೆ ನನಗೆ ತುಂಬ ಇಷ್ಟ. ಹಡಗುಗಳು ತಂತಿ ಸಂಕೇತದಲ್ಲಿ ಮಾತಾಡುತ್ತಿದ್ದ ಕಾಲದಲ್ಲಿ 500 ಕಿಲೋಹರ್ಟ್ಜ್ ಒಬ್ಬರನ್ನೊಬ್ಬರು ಕರೆಯುವುದಕ್ಕೂ ಆಪತ್ತಿನ ಕರೆಗೂ ಬಳಸುತ್ತಿದ್ದ ತರಂಗ. ಪ್ರತಿ ಗಂಟೆಯ 15ರಿಂದ 18ನೇ ನಿಮಿಷ, 45ರಿಂದ 48ನೇ ನಿಮಿಷ ಅದರಲ್ಲಿ ಆಪತ್ತಿನ ಕರೆ ಬಿಟ್ಟು ಬೇರೇನೂ ಕಳಿಸುವಂತಿರಲಿಲ್ಲ. ರೇಡಿಯೋ ಕೋಣೆಯ ಗಡಿಯಾರದ ಮುಖದ ಮೇಲೆ ಆ ಮೂರು ಮೂರು ನಿಮಿಷಗಳಿಗೆ ಕೆಂಪು ಬಣ್ಣ ಬಳಿದಿರುತ್ತಿದ್ದರು. ಮುಳ್ಳು ಕೆಂಪಿಗೆ ಬಂದರೆ ಎಲ್ಲರೂ ಸುಮ್ಮನಾಗಿ ಕಿವಿಗೊಡಬೇಕು. ಎಲ್ಲೋ ಮುಳುಗುತ್ತಿರುವ ಹಡಗಿನ ಕ್ಷೀಣ ಸದ್ದು ಕೇಳಿಸಲಿ ಅಂತ.

'ಎರಡು ನಿಮಿಷ ಮೌನಾಚರಣೆ'ಗೆ ಏನು ಬರೀಬೇಕು?

'ವಿ ಅಬ್ಸರ್ವ್ಡ್ ಟೂ ಮಿನಿಟ್ಸ್ ಆಫ್ ಸೈಲೆನ್ಸ್' ಸರಿ. ಒಂದು ನಿಮಿಷವಾದರೆ ಇಂಗ್ಲೆಂಡಿನಲ್ಲಿ 'ಎ ಮಿನಿಟ್ಸ್ ಸೈಲೆನ್ಸ್', ಅಮೆರಿಕದಲ್ಲಿ 'ಎ ಮೊಮೆಂಟ್ ಆಫ್ ಸೈಲೆನ್ಸ್'. ಇಲ್ಲಿ ಕ್ವಾಯಟ್ ಹಾಕುವಂತಿಲ್ಲ. ಬ್ರಿಟನ್ನಿನಲ್ಲಿ ಮೊದಲ ಮಹಾಯುದ್ಧ ನಿಂತ ಒಂದು ವರ್ಷಕ್ಕೆ, 1919ರ ನವೆಂಬರ್ 11ರಂದು ಬೆಳಗ್ಗೆ 11 ಗಂಟೆಗೆ ದೇಶವೇ ಎರಡು ನಿಮಿಷ ನಿಂತಿತು. ನಮ್ಮಲ್ಲಿ ಗಾಂಧೀಜಿ ಹತ್ಯೆಯಾದ ಜನವರಿ 30ರಂದು, ಅದೇ 11 ಗಂಟೆಗೆ, ಎರಡು ನಿಮಿಷ ಮೌನ ಆಚರಿಸುತ್ತಾರೆ.

ಆಸ್ಪತ್ರೆ ಮುಂದೆ 'ಸೈಲೆನ್ಸ್ ಝೋನ್' ಬೋರ್ಡ್ ಇರುತ್ತೆ. ಅಲ್ಲಿ ಮಾತೇ ಆಡಬಾರದಾ?

ಆಡಬಹುದು. ಇಲ್ಲಿ ಸೈಲೆನ್ಸ್ ಕಾನೂನಿನ ಪದ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲೆ ಕಾಲೇಜು, ಕೋರ್ಟುಗಳ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ಹೀಗೆ ಗುರುತಿಸಬಹುದು. ಹಗಲು 50 ಡೆಸಿಬಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 40 ಡೆಸಿಬಲ್ ಮಿತಿ. ಮೆಲ್ಲಗೆ ಮಾತಾಡುವಷ್ಟು ಸದ್ದು ಅದರಲ್ಲಿ ಹಿಡಿಯುತ್ತದೆ. ನಾವು ಮೇಲೆ ಹೇಳಿದ ಲೆಕ್ಕದಲ್ಲಿ ಅದು ಕ್ವಾಯಟ್ ಝೋನ್ ಆಗಬೇಕಿತ್ತು. ಹಾರ್ನ್ ಮಾತ್ರ ಖಂಡಿತ ಬೇಡ. ಒಳಗೆ ಮಲಗಿರುವವರಿಗೆ ಅದು ನೇರ ಎದೆಗೆ ಬಡಿಯುತ್ತದೆ. ವಾರ್ಡಿನಲ್ಲಿ ರಾತ್ರಿ ಕಳೆದವರಿಗೆ ಇದು ಗೊತ್ತು.

ಬೈಕಿನ ಸೈಲೆನ್ಸರ್ ಬ್ರಿಟಿಷ್ ಪದ. ಅಮೆರಿಕದವರು 'ಮಫ್ಲರ್' ಅನ್ನುತ್ತಾರೆ. ಅವರಿಗೆ ಸೈಲೆನ್ಸರ್ ಅಂದರೆ ಬಂದೂಕಿನದು.

ಮೌನಂ ಸಮ್ಮತಿ ಲಕ್ಷಣಂ ಅಂತೀವಿ. ಇಂಗ್ಲಿಷಿನಲ್ಲೂ ಹಾಗೇನಾ?

ಗಾದೆ ಉಂಟು: 'ಸೈಲೆನ್ಸ್ ಗಿವ್ಸ್ ಕನ್ಸೆಂಟ್'. ಬಾಯಿಬಿಟ್ಟು ಹೇಳದೆಯೇ ಇಬ್ಬರೂ ಒಪ್ಪಿಕೊಂಡದ್ದಕ್ಕೆ 'ಟ್ಯಾಸಿಟ್' ಅನ್ನುವ ಪದವೂ ಇದೆ. ಅದು ಟ್ಯಾಸಿಟರ್ನ್‌ನ ಒಡಹುಟ್ಟು. ಆದರೆ ಗಾದೆಯನ್ನು ಕಾನೂನು ಹಾಗೇ ಒಪ್ಪುವುದಿಲ್ಲ.

1862ರಲ್ಲಿ ಇಂಗ್ಲೆಂಡಿನ ಕೋರ್ಟಿಗೆ ಒಂದು ಕುದುರೆಯ ಜಗಳ ಬಂತು. ಫೆಲ್ಟ್‌ಹೌಸ್ ಅನ್ನುವವರು ಅಣ್ಣನ ಮಗನ ಕುದುರೆ ಕೊಳ್ಳಲು ಕಾಗದ ಬರೆದರು. ನಿನ್ನಿಂದ ಮತ್ತೇನೂ ಉತ್ತರ ಬರದಿದ್ದರೆ 30 ಪೌಂಡ್ 15 ಶಿಲ್ಲಿಂಗಿಗೆ ಕುದುರೆ ನನ್ನದು ಅಂತ ತಿಳಿಯುತ್ತೇನೆ ಅಂದರು. ಹುಡುಗ ಉತ್ತರ ಬರೆಯಲಿಲ್ಲ. ಆದರೆ ಹರಾಜಿನವನಿಗೆ ಈ ಕುದುರೆ ಮಾರಬೇಡ ಅಂದಿದ್ದ. ಹರಾಜಿನವನು ಮರೆತು ಮಾರಿಬಿಟ್ಟ. ಚಿಕ್ಕಪ್ಪ ದಾವೆ ಹೂಡಿದರು, ಸೋತರು. ಉತ್ತರ ಕೊಡದೆ ಇದ್ದದ್ದನ್ನು ಒಪ್ಪಿಗೆ ಅನ್ನಲಾಗದು ಅಂತ ತೀರ್ಪಾಯಿತು. ಹುಡುಗಿ ತಲೆತಗ್ಗಿಸಿ ಸುಮ್ಮನೆ ಕೂತಳು, ಅಂದರೆ ಒಪ್ಪಿದಳು ಅಂತ ಮದುವೆ ನಿಶ್ಚಯ ಮಾಡುವವರಿಗೆ ನಾನು ಈ ಕುದುರೆಯ ಕಥೆ ಹೇಳುತ್ತೇನೆ.

'ರೈಟ್ ಟು ಸೈಲೆನ್ಸ್' ನಮ್ಮ ದೇಶದಲ್ಲೂ ಇದೆಯಾ?

ಇದೆ. ಅಮೆರಿಕದ ಪೊಲೀಸರು ಬಂಧಿಸುವಾಗ ಹೇಳುವ 'ಯು ಹ್ಯಾವ್ ದ ರೈಟ್ ಟು ರಿಮೇನ್ ಸೈಲೆಂಟ್' 1966ರ ಮಿರಾಂಡಾ ತೀರ್ಪಿನಿಂದ ಬಂದದ್ದು. ನಮ್ಮ ಸಂವಿಧಾನದ 20(3)ನೇ ವಿಧಿ ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದು ಅನ್ನುತ್ತದೆ. ಕರ್ನಾಟಕ ಸರ್ಕಾರ ಎದುರುವಾದಿಯಾಗಿದ್ದ ಸೆಲ್ವಿ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಯಿತು. ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ ಮಾಡುವಂತಿಲ್ಲ ಅಂದಿತು. ಔಷಧಿ ಕೊಟ್ಟು ಬಾಯಿ ಬಿಡಿಸುವುದೂ ಬಲವಂತವೇ.

ಇನ್ನೊಂದು 1986ರದು. ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಧರ್ಮದ ನಂಬಿಕೆಯಿಂದ ಹಾಡುತ್ತಿರಲಿಲ್ಲ. ಶಾಲೆಯಿಂದ ಹೊರಗೆ ಹಾಕಿದರು. ಸುಪ್ರೀಂ ಕೋರ್ಟು ಮಕ್ಕಳ ಪರ ನಿಂತಿತು. ಗೌರವದಿಂದ ನಿಂತು ಸುಮ್ಮನಿರುವುದು ಅಗೌರವ ಅಲ್ಲ ಅಂದಿತು. ಇಲ್ಲಿ ಸೈಲೆನ್ಸ್‌ನ ಜಾಗದಲ್ಲಿ ಬೇರೆ ಯಾವ ಪದವನ್ನೂ ಇಟ್ಟು ನೋಡಲಾಗದು.

ಅಂದ ಹಾಗೆ, 'ದ ಲಾ ಈಸ್ ಸೈಲೆಂಟ್' ಅಂದರೆ ಆ ವಿಷಯಕ್ಕೆ ಕಾನೂನಿನಲ್ಲಿ ಏನೂ ಹೇಳಿಲ್ಲ ಅಂತ ಅಷ್ಟೆ.

ಸೈಲೆಂಟ್ ಲೆಟರ್ ಯಾಕಿರಬೇಕು?

ಕೆಲವು ಒಂದು ಕಾಲದಲ್ಲಿ ಮಾತಾಡುತ್ತಿದ್ದವು. ನೈಫ್ (ಚಾಕು), ನೀ (ಮೊಣಕಾಲು) ಪದಗಳ ಕೆ ಅಕ್ಷರವನ್ನು ಹಿಂದಿನವರು ಉಚ್ಚರಿಸುತ್ತಿದ್ದರು. ಬಾಯಿ ಬಿಟ್ಟಿತು, ಬರಹ ಬಿಡಲಿಲ್ಲ. ಕೆಲವು ಹುಟ್ಟಿನಿಂದಲೇ ಸುಮ್ಮನಿದ್ದವು. ಸಾಲ ಅನ್ನುವ ಅರ್ಥದ ಡೆಟ್ ಪದದ ಬಿ ಅಕ್ಷರವನ್ನು ಲ್ಯಾಟಿನ್ನಿನ 'ಡೆಬಿಟುಮ್' ನೆನಪಿಗೆ ಪಂಡಿತರು ತುರುಕಿದರು. ಕನ್ನಡ ಬರೆದ ಹಾಗೆ ಓದುವ ಭಾಷೆ. ಹಾಗಾಗಿ ನಾವು ಲಿಸನ್‌ನ ಟಿ ಕೂಡ ಹೇಳಿಬಿಡುತ್ತೇವೆ. ಅದಕ್ಕೆ ನಾಚಿಕೊಳ್ಳಬೇಕಾಗಿಲ್ಲ, ಕೇಳಿ ಕೇಳಿ ಸರಿಹೋಗುತ್ತದೆ.

ಮಳೆ ಸ್ವಲ್ಪ ಹೊತ್ತು ನಿಲ್ಲೋದಕ್ಕೂ ಪದ ಇದೆಯಂತೆ?

'ಲಲ್'. ಮಲೆನಾಡಿನವರು ಹೊಳವು ಅನ್ನುತ್ತಾರಲ್ಲ, ಹೆಂಚಿನಿಂದ ಹನಿ ಮಾತ್ರ ತೊಟ್ಟಿಕ್ಕುವ ಹೊತ್ತು, ಅದು. ಮತ್ತೆ ಮಳೆ ಬಂದೇ ಬರುತ್ತದೆ ಅನ್ನುವುದು ಪದದೊಳಗೇ ಇದೆ. ಮಗು ಮಲಗಿಸುವ ಹಾಡಿಗೆ ಲಲಬೈ ಅನ್ನುವುದೂ ಈ ಲಲ್‌ನಿಂದಲೇ. ನಮ್ಮ ಲಾಲಿ ಕಿವಿಗೆ ಎಷ್ಟು ಹತ್ತಿರ ಅಲ್ವಾ?

'ಶ್' ಅನ್ನೋದನ್ನ ಇಂಗ್ಲಿಷಿನಲ್ಲಿ ಹೇಗೆ ಬರೀತಾರೆ?

ಎಸ್, ಎಚ್. ಜೋರಾಗಿ ಹೇಳಬೇಕಾದರೆ ಇನ್ನೂ ಎರಡು ಮೂರು ಎಚ್ ಸೇರಿಸುತ್ತಾರೆ.